ನಾಲ್ಕು ಪ್ರಮಾಣವಚನ, ಕೂಡಿದರೆ ಒಂದೇ ಅವಧಿ: ಯಡಿಯೂರಪ್ಪ ಮತ್ತು 113ರ ಲೆಕ್ಕ

ಬಿ.ಎಸ್. ಯಡಿಯೂರಪ್ಪ ಕರ್ನಾಟಕದ ಮುಖ್ಯಮಂತ್ರಿಯಾಗಿ ನಾಲ್ಕು ಸಲ ಪ್ರಮಾಣವಚನ ಸ್ವೀಕರಿಸಿದರು. 2007ರಲ್ಲಿ ಏಳು ದಿನ, 2008ರಿಂದ ಮೂರು ವರ್ಷ ಎರಡು ತಿಂಗಳು, 2018ರಲ್ಲಿ ವಿಶ್ವಾಸಮತಕ್ಕೂ ಮುಂಚೆ ಮುಗಿದುಹೋದ ಎರಡು ದಿನ, 2019ರಿಂದ ಸರಿಯಾಗಿ ಎರಡು ವರ್ಷ. ಎಲ್ಲವನ್ನೂ ಕೂಡಿದರೆ ಐದು ವರ್ಷದ ಮೇಲೆ ಎರಡು ಮೂರು ತಿಂಗಳು ಸಿಗುತ್ತದೆ. ಸಿದ್ದರಾಮಯ್ಯ 2013ರಿಂದ 2018ರವರೆಗೆ ಒಂದೇ ಏಟಿಗೆ ಪೂರೈಸಿದ್ದಷ್ಟನ್ನು ಯಡಿಯೂರಪ್ಪ ನಾಲ್ಕು ಕಂತಿನಲ್ಲಿ ಪೂರೈಸಿದರು.

ಇದಕ್ಕೆ ಸಾಮಾನ್ಯವಾಗಿ ಕೇಳಿಬರುವ ವಿವರಣೆಗಳು ಎರಡು. ಅಭಿಮಾನಿಗಳನ್ನು ಕೇಳಿದರೆ ಪಕ್ಷದೊಳಗಿನವರು ಕಾಲೆಳೆದರು ಎನ್ನುತ್ತಾರೆ. ವಿರೋಧಿಗಳನ್ನು ಕೇಳಿದರೆ ಭ್ರಷ್ಟಾಚಾರ, ಕುಟುಂಬದ ಹಸ್ತಕ್ಷೇಪ ಎನ್ನುತ್ತಾರೆ. ಎರಡರಲ್ಲೂ ಹುರುಳಿದೆ. ಆದರೆ ನನಗೆ ಇವೆರಡಕ್ಕಿಂತ ಮೊದಲು ಕಾಣುವುದು ಒಂದು ಸರಳ ಅಂಕಿ. 224 ಸ್ಥಾನಗಳ ವಿಧಾನಸಭೆಯಲ್ಲಿ ಬಹುಮತಕ್ಕೆ 113 ಬೇಕು. ಯಡಿಯೂರಪ್ಪ ನಾಯಕತ್ವದಲ್ಲಿ ಬಿಜೆಪಿಗೆ ಚುನಾವಣೆಯಲ್ಲಿ ಅಷ್ಟು ಒಮ್ಮೆಯೂ ಬರಲಿಲ್ಲ. 2004ರಲ್ಲಿ 79, 2008ರಲ್ಲಿ 110, 2018ರಲ್ಲಿ 104. ಅವರಿಲ್ಲದೆಯೂ ಬಂದಿಲ್ಲ ಎಂಬುದನ್ನೂ ಸೇರಿಸಿಯೇ ಹೇಳಬೇಕು. ಪ್ರತಿ ಸಲವೂ ಕೊರತೆ ಬಿದ್ದದ್ದನ್ನು ಅವರು ಎಲ್ಲಿಂದಲೋ ತಂದು ತುಂಬಿದರು. ತುಂಬಿದ ರೀತಿಯೇ ಆಯಾ ಸರ್ಕಾರದ ಆಯಸ್ಸನ್ನು ತೀರ್ಮಾನಿಸಿತು.

ಮಂಡ್ಯ ಜಿಲ್ಲೆ ಕೆ.ಆರ್. ಪೇಟೆ ತಾಲ್ಲೂಕಿನ ಬೂಕನಕೆರೆಯಲ್ಲಿ 1943ರ ಫೆಬ್ರುವರಿ 27ರಂದು ಹುಟ್ಟಿದ ಯಡಿಯೂರಪ್ಪ ಶಿವಮೊಗ್ಗ ಜಿಲ್ಲೆಯ ಶಿಕಾರಿಪುರಕ್ಕೆ ಬಂದದ್ದು ಅಕ್ಕಿ ಗಿರಣಿಯೊಂದರಲ್ಲಿ ಗುಮಾಸ್ತಿಕೆ ಮಾಡಲು. ಗಿರಣಿ ಮಾಲೀಕರ ಮಗಳನ್ನೇ ಮದುವೆಯಾದರು. ಆರ್‌ಎಸ್‌ಎಸ್ ಶಾಖೆ, ಪುರಸಭೆ, ತುರ್ತುಪರಿಸ್ಥಿತಿಯಲ್ಲಿ ಜೈಲು, ಬಗರ್‌ಹುಕುಂ ರೈತರ ಹೋರಾಟ, 1983ರಲ್ಲಿ ಶಾಸಕ ಸ್ಥಾನ. ಆ ವರ್ಷ ಬಿಜೆಪಿಗೆ ರಾಜ್ಯದಲ್ಲಿ 18 ಸ್ಥಾನ ಬಂದಿತ್ತು. ಎರಡೇ ವರ್ಷದಲ್ಲಿ, 1985ರ ಮಧ್ಯಂತರ ಚುನಾವಣೆಯಲ್ಲಿ, ಅದು ಎರಡಕ್ಕೆ ಇಳಿಯಿತು. ಆ ಇಬ್ಬರಲ್ಲಿ ಒಬ್ಬರು ಶಿಕಾರಿಪುರದ ಯಡಿಯೂರಪ್ಪ, ಇನ್ನೊಬ್ಬರು ಬೆಳ್ತಂಗಡಿಯ ವಸಂತ ಬಂಗೇರ. ಬಂಗೇರರು ಮುಂದೆ ಪಕ್ಷ ಬಿಟ್ಟು ಕಾಂಗ್ರೆಸ್ ಸೇರಿದರು. ವಿಧಾನಸಭೆಯಲ್ಲಿ ಇಬ್ಬರೇ ಕೂತಿದ್ದ ಕಾಲದಿಂದ ಪಕ್ಷವನ್ನು ಕಟ್ಟಿದೆ ಎಂಬ ಮಾತನ್ನು ಯಡಿಯೂರಪ್ಪ ಕೊನೆಯವರೆಗೂ ಬಿಡಲಿಲ್ಲ. ಉತ್ಪ್ರೇಕ್ಷೆ ಎಂದು ಅದನ್ನು ತಳ್ಳಿಹಾಕಲು ಆಗುವುದಿಲ್ಲ.

ಆದರೆ ಎರಡರಿಂದ 79ಕ್ಕೆ ಏರಿದ್ದು ಒಬ್ಬರ ಪಾದಯಾತ್ರೆಯಿಂದಷ್ಟೇ ಆದದ್ದಲ್ಲ. 1989ರಲ್ಲಿ ಕಾಂಗ್ರೆಸ್ಸಿಗೆ 178 ಸ್ಥಾನ ತಂದುಕೊಟ್ಟ ಲಿಂಗಾಯತ ಮುಖ್ಯಮಂತ್ರಿ ವೀರೇಂದ್ರ ಪಾಟೀಲರನ್ನು ಮರುವರ್ಷವೇ, ಅವರು ಕಾಯಿಲೆಯಲ್ಲಿದ್ದಾಗ, ರಾಜೀವ್ ಗಾಂಧಿ ಬೆಂಗಳೂರು ವಿಮಾನ ನಿಲ್ದಾಣದಲ್ಲಿ ನಿಂತು ಬದಲಿಸುವ ಘೋಷಣೆ ಮಾಡಿದರು. ಲಿಂಗಾಯತರಲ್ಲಿ ದೊಡ್ಡ ಪಾಲು ಅಂದು ಕಾಂಗ್ರೆಸ್ಸಿನಿಂದ ದೂರ ಸರಿಯಿತು. ಅವರು ನಂಬಿದ್ದ ರಾಮಕೃಷ್ಣ ಹೆಗಡೆ ಜನತಾದಳದಿಂದ ಹೊರಬಿದ್ದು ಲೋಕಶಕ್ತಿ ಕಟ್ಟಿ 1998ರಲ್ಲಿ ಬಿಜೆಪಿ ಜೊತೆ ಕೈಜೋಡಿಸಿದರು. ಹೆಗಡೆ 2004ರ ಜನವರಿಯಲ್ಲಿ ತೀರಿಕೊಂಡರು. ಅದೇ ವರ್ಷದ ಚುನಾವಣೆಯಲ್ಲಿ ಬಿಜೆಪಿ ಅತಿದೊಡ್ಡ ಪಕ್ಷವಾಯಿತು. ಹೆಗಡೆ ಬಿಟ್ಟುಹೋದ ಜಾಗ ಖಾಲಿಯಿತ್ತು, ಅದರಲ್ಲಿ ಕೂರಲು ತಕ್ಕ ಲಿಂಗಾಯತ ಮುಖ ಬಿಜೆಪಿಯಲ್ಲಿತ್ತು. 1999ರಲ್ಲಿ ಶಿಕಾರಿಪುರದಲ್ಲೇ ಸೋತು ವಿಧಾನ ಪರಿಷತ್ತಿಗೆ ಹೋಗಬೇಕಾಗಿ ಬಂದಿದ್ದ ವ್ಯಕ್ತಿ ಐದೇ ವರ್ಷದಲ್ಲಿ ರಾಜ್ಯಮಟ್ಟದ ನಾಯಕನಾದ ಹಿನ್ನೆಲೆ ಇದು.

ಆ ನಾಯಕತ್ವಕ್ಕೆ ಮುದ್ರೆ ಒತ್ತಿದವರು ಎದುರಾಳಿಗಳು. 2006ರ ಫೆಬ್ರುವರಿಯಲ್ಲಿ ಜೆಡಿಎಸ್ ಮತ್ತು ಬಿಜೆಪಿ ತಲಾ 20 ತಿಂಗಳ ಒಪ್ಪಂದ ಮಾಡಿಕೊಂಡವು. ಮೊದಲ ಪಾಳಿ ಎಚ್.ಡಿ. ಕುಮಾರಸ್ವಾಮಿಯವರದು, ಯಡಿಯೂರಪ್ಪ ಉಪಮುಖ್ಯಮಂತ್ರಿ ಮತ್ತು ಹಣಕಾಸು ಸಚಿವ. ಭಾಗ್ಯಲಕ್ಷ್ಮಿ ಯೋಜನೆ, ಎಂಟನೇ ತರಗತಿ ಮಕ್ಕಳಿಗೆ ಸೈಕಲ್ ಕೊಡುವ ಯೋಜನೆ ಆ ಕಾಲದವು. 2007ರ ಅಕ್ಟೋಬರ್‌ನಲ್ಲಿ ಕುರ್ಚಿ ಬಿಡುವ ಸರದಿ ಬಂದಾಗ ಜೆಡಿಎಸ್ ಬಿಡಲಿಲ್ಲ. ರಾಷ್ಟ್ರಪತಿ ಆಳ್ವಿಕೆ ಬಂತು. ಮತ್ತೆ ರಾಜಿಯಾಗಿ ನವೆಂಬರ್ 12ರಂದು ಪ್ರಮಾಣವಚನ ನಡೆಯಿತು, ಮತ್ತೆ ಜೆಡಿಎಸ್ ಬೆಂಬಲ ಕೊಡದೆ ನವೆಂಬರ್ 19ರಂದು ರಾಜೀನಾಮೆ. ಊರೂರಲ್ಲೂ ‘ವಚನಭ್ರಷ್ಟ’ ಎಂಬ ಮಾತು ಓಡಾಡಿತು. ಆ ಏಳು ದಿನ ಅಧಿಕಾರದ ದೃಷ್ಟಿಯಿಂದ ಸೊನ್ನೆ, ರಾಜಕೀಯ ಬಂಡವಾಳದ ದೃಷ್ಟಿಯಿಂದ ಮುಂದಿನ ಹತ್ತು ವರ್ಷಕ್ಕೆ ಸಾಕಾಗುವಷ್ಟು.

2008ರ ಮೇನಲ್ಲಿ 110 ಸ್ಥಾನ. ದಕ್ಷಿಣ ಭಾರತದ ಮೊದಲ ಬಿಜೆಪಿ ಸರ್ಕಾರ ಎಂಬ ಸಂಭ್ರಮದಲ್ಲಿ ಇನ್ನೊಂದು ಅಂಕಿ ಮರೆಯಾಯಿತು. ಆ ಚುನಾವಣೆಯಲ್ಲಿ ಬಿಜೆಪಿಗೆ ಬಂದ ಮತ ಶೇ 34ಕ್ಕೆ ತುಸು ಕಡಿಮೆ, ಕಾಂಗ್ರೆಸ್ಸಿಗೆ ಬಂದದ್ದು ಅದಕ್ಕಿಂತ ಸುಮಾರು ಒಂದು ಶೇಕಡಾ ಅಂಶ ಹೆಚ್ಚು. ಆದರೆ ಕಾಂಗ್ರೆಸ್ ಗೆದ್ದದ್ದು 80 ಮಾತ್ರ. 2018ರಲ್ಲೂ ಇದೇ ಮರುಕಳಿಸಿತು: ಕಾಂಗ್ರೆಸ್ ಶೇ 38, ಬಿಜೆಪಿ ಶೇ 36, ಸ್ಥಾನ ಮಾತ್ರ ಬಿಜೆಪಿಗೆ ಹೆಚ್ಚು. ಬಿಜೆಪಿಯ ಮತ ಕಿತ್ತೂರು ಕರ್ನಾಟಕ, ಮಧ್ಯ ಕರ್ನಾಟಕ, ಕರಾವಳಿ, ಬೆಂಗಳೂರಿನಲ್ಲಿ ಗುಂಪುಗೂಡಿದೆ. ಹಳೇ ಮೈಸೂರಿನಲ್ಲಿ ಪಕ್ಷ ಬೇರೂರಿರಲಿಲ್ಲ. ಹೀಗಾಗಿ 100ರ ಆಚೆ ಹೋಗುವುದು ಸುಲಭ, 113 ಮುಟ್ಟುವುದು ಕಷ್ಟ.

ಆ ಮೂರು ಸ್ಥಾನಗಳ ಕೊರತೆಗೆ ಮೊದಲ ಮದ್ದು ಪಕ್ಷೇತರರು. ಗೆದ್ದಿದ್ದ ಆರು ಪಕ್ಷೇತರರಲ್ಲಿ ಐವರು ಸಚಿವರಾದರು. ಎರಡನೆಯ ಮದ್ದಿಗೆ ಜನ ‘ಆಪರೇಷನ್ ಕಮಲ’ ಎಂದು ಹೆಸರಿಟ್ಟರು. ಇದರ ತಾಂತ್ರಿಕತೆ ಬುದ್ಧಿವಂತಿಕೆಯದೇ. ಪಕ್ಷಾಂತರ ನಿಷೇಧ ಕಾಯ್ದೆಯ ಪ್ರಕಾರ ಶಾಸಕ ಬೇರೆ ಪಕ್ಷಕ್ಕೆ ಹಾರಿದರೆ ಅನರ್ಹ. ಮೂರನೇ ಒಂದರಷ್ಟು ಜನ ಒಡೆದು ಬಂದರೆ ಇದ್ದ ರಿಯಾಯಿತಿಯೂ 2003ರ ತಿದ್ದುಪಡಿಯೊಂದಿಗೆ ಹೋಯಿತು. ಆದರೆ ಶಾಸಕ ಸ್ಥಾನಕ್ಕೇ ರಾಜೀನಾಮೆ ಕೊಟ್ಟು, ಹೊಸ ಪಕ್ಷದ ಚಿಹ್ನೆಯಲ್ಲಿ ಉಪಚುನಾವಣೆಗೆ ನಿಂತು ಗೆದ್ದು ಬಂದರೆ ಕಾನೂನಿಗೆ ಹೇಳಲು ಏನೂ ಉಳಿಯುವುದಿಲ್ಲ. ಕಾಂಗ್ರೆಸ್ ಮತ್ತು ಜೆಡಿಎಸ್‌ನ ಶಾಸಕರು ಹಾಗೆ ಬಂದರು. 2008ರ ಡಿಸೆಂಬರ್‌ನಲ್ಲಿ ಎಂಟು ಕ್ಷೇತ್ರಗಳಿಗೆ ಉಪಚುನಾವಣೆ ನಡೆದು ಬಿಜೆಪಿ ಐದು ಗೆದ್ದಿತು. ಪಕ್ಷಾಂತರ ತಡೆಯಲೆಂದು ಬಿಗಿಗೊಳಿಸಿದ ಕಾನೂನೇ ಪಕ್ಷಾಂತರಕ್ಕೆ ಮತದಾರರ ಸಹಿ ಹಾಕಿಸಿಕೊಳ್ಳುವ ದಾರಿ ತೋರಿಸಿತು. ಮುಂದೆ ಬೇರೆ ರಾಜ್ಯಗಳೂ ಇದನ್ನು ಕಲಿತವು.

ಸಂಖ್ಯೆ ಬಂತು, ನೆಮ್ಮದಿ ಬರಲಿಲ್ಲ. ಹೊರಗಿನಿಂದ ಬಂದವರಿಗೆ ಸಚಿವ ಸ್ಥಾನ ಕೊಟ್ಟಾಗ ಒಳಗಿದ್ದವರಿಗೆ ಅಷ್ಟೇ ಕಡಿಮೆಯಾಯಿತು. 2009ರ ಕೊನೆಯಲ್ಲಿ ಬಳ್ಳಾರಿಯ ಗಣಿಧಣಿ ರೆಡ್ಡಿ ಸಹೋದರರು ಶಾಸಕರನ್ನು ರೆಸಾರ್ಟಿಗೆ ಕರೆದೊಯ್ದರು. ಆಪ್ತೆ ಶೋಭಾ ಕರಂದ್ಲಾಜೆ ಸಂಪುಟದಿಂದ ಹೊರಹೋಗಬೇಕಾಯಿತು, ಟಿ.ವಿ. ಕ್ಯಾಮೆರಾ ಮುಂದೆ ಮುಖ್ಯಮಂತ್ರಿ ಕಣ್ಣೀರು ಹಾಕಿದರು. 2010ರ ಅಕ್ಟೋಬರ್‌ನಲ್ಲಿ ಬಿಜೆಪಿಯ 11 ಶಾಸಕರು ಮತ್ತು ಅದೇ ಐವರು ಪಕ್ಷೇತರರು ಬೆಂಬಲ ಹಿಂಪಡೆದರು. ಸ್ಪೀಕರ್ ಕೆ.ಜಿ. ಬೋಪಯ್ಯ 16 ಮಂದಿಯನ್ನೂ ಅನರ್ಹಗೊಳಿಸಿದರು. ಅಕ್ಟೋಬರ್ 11ರ ಗದ್ದಲದ ಧ್ವನಿಮತ, ರಾಷ್ಟ್ರಪತಿ ಆಳ್ವಿಕೆಗೆ ರಾಜ್ಯಪಾಲ ಎಚ್.ಆರ್. ಭಾರದ್ವಾಜ್ ಶಿಫಾರಸು, 14ರಂದು ಎರಡನೇ ವಿಶ್ವಾಸಮತ: 106 ವಿರುದ್ಧ 100. ಮರುವರ್ಷದ ಮೇನಲ್ಲಿ ಸುಪ್ರೀಂ ಕೋರ್ಟ್ ಆ ಅನರ್ಹತೆಯನ್ನು ರದ್ದುಮಾಡಿತು. ಅಂದರೆ ಸರ್ಕಾರ ಉಳಿಸಿದ ಕ್ರಮ ಕಾನೂನಿನ ಮುಂದೆ ನಿಲ್ಲಲಿಲ್ಲ, ಸರ್ಕಾರ ಮಾತ್ರ ಅಷ್ಟು ಹೊತ್ತಿಗೆ ಏಳು ತಿಂಗಳು ಉಳಿದಿತ್ತು.

ರೈತರ ಹೆಸರಿನಲ್ಲಿ, ಹಸಿರು ಶಾಲು ಹೊದ್ದು ಪ್ರಮಾಣವಚನ ಸ್ವೀಕರಿಸಿದ ಸರ್ಕಾರ ಅದು. ಹತ್ತು ಹನ್ನೆರಡು ದಿನದೊಳಗೆ ಹಾವೇರಿಯಲ್ಲಿ ಗೊಬ್ಬರ ಕೇಳಿದ ರೈತರ ಮೇಲೆ ಗೋಲಿಬಾರ್ ನಡೆದು ಸಾವು ಸಂಭವಿಸಿತು. ಅದೇ ಸರ್ಕಾರ 2011ರಲ್ಲಿ ಕೃಷಿಗೆಂದೇ ಪ್ರತ್ಯೇಕ ಬಜೆಟ್ ಮಂಡಿಸಿತು. ಎರಡನ್ನೂ ನೆನಪಿಟ್ಟುಕೊಳ್ಳುವುದು ನ್ಯಾಯ. ಆದರೆ ಆ ಅವಧಿಯ ಹಣೆಬರಹ ಬರೆದದ್ದು ಕೃಷಿಯಲ್ಲ, ಗಣಿ ಮತ್ತು ಡಿನೋಟಿಫಿಕೇಷನ್ (ಸ್ವಾಧೀನಕ್ಕೆ ಗುರುತಿಸಿದ ಭೂಮಿಯನ್ನು ಸರ್ಕಾರ ಕೈಬಿಡುವುದು). ಲೋಕಾಯುಕ್ತ ಎನ್. ಸಂತೋಷ್ ಹೆಗ್ಡೆ 2011ರ ಜುಲೈನಲ್ಲಿ ಅಕ್ರಮ ಗಣಿಗಾರಿಕೆ ವರದಿ ಕೊಟ್ಟರು. ಜುಲೈ 31ರಂದು ಯಡಿಯೂರಪ್ಪ ರಾಜೀನಾಮೆ ನೀಡಿದರು. ಅಕ್ಟೋಬರ್‌ನಲ್ಲಿ ಭೂಮಿ ಡಿನೋಟಿಫಿಕೇಷನ್ ಪ್ರಕರಣದಲ್ಲಿ ಪರಪ್ಪನ ಅಗ್ರಹಾರ ಸೇರಿದರು. ಗಣಿ ಕಂಪನಿಯಿಂದ ಕಿಕ್‌ಬ್ಯಾಕ್ ಪಡೆದ ಆರೋಪದ ಪ್ರಕರಣದಲ್ಲಿ ಸಿಬಿಐ ವಿಶೇಷ ನ್ಯಾಯಾಲಯ 2016ರ ಅಕ್ಟೋಬರ್‌ನಲ್ಲಿ ಅವರನ್ನೂ ಮಕ್ಕಳನ್ನೂ ಖುಲಾಸೆಗೊಳಿಸಿತು. ಆದರೆ ಅಧಿಕಾರ ಹೋಗಿ ಐದು ವರ್ಷವಾಗಿತ್ತು.

ಈಗ 2013ಕ್ಕೆ ಬರೋಣ. ಇಡೀ ಕಥೆಯ ಕೀಲಿ ಇರುವುದು ಇಲ್ಲಿ ಎಂದು ನನ್ನ ಅನಿಸಿಕೆ. ರಾಜ್ಯ ನಾಯಕನಿಗೆ ನಿಜವಾದ ಸ್ವಂತ ಬಲ ಎಷ್ಟು ಎಂಬ ಪ್ರಶ್ನೆಗೆ ಸಾಮಾನ್ಯವಾಗಿ ಉತ್ತರ ಸಿಗುವುದಿಲ್ಲ, ಯಾಕೆಂದರೆ ಪಕ್ಷದ ಮತ ಯಾವುದು, ನಾಯಕನ ಮತ ಯಾವುದು ಎಂದು ಬೇರ್ಪಡಿಸುವ ಅವಕಾಶ ಬರುವುದಿಲ್ಲ. ಯಡಿಯೂರಪ್ಪ ವಿಷಯದಲ್ಲಿ ಬಂತು. 2012ರ ನವೆಂಬರ್ 30ರಂದು ಬಿಜೆಪಿ ಬಿಟ್ಟು, ಡಿಸೆಂಬರ್ 9ರಂದು ಹಾವೇರಿಯಲ್ಲಿ ಕರ್ನಾಟಕ ಜನತಾ ಪಕ್ಷದ ಸಮಾವೇಶ ಮಾಡಿದರು. 2013ರ ಮೇ ಫಲಿತಾಂಶ: ಕೆಜೆಪಿಗೆ ಶೇ 10ರ ಹತ್ತಿರ ಮತ, ಸ್ಥಾನ ಆರೇ. ಬಿಜೆಪಿಗೆ ಶೇ 20, ಸ್ಥಾನ 40. ಬಿ. ಶ್ರೀರಾಮುಲು ಕಟ್ಟಿದ್ದ ಬಿಎಸ್‌ಆರ್ ಕಾಂಗ್ರೆಸ್ಸಿಗೆ ಶೇ 3ರ ಆಸುಪಾಸು. ಮೂರನ್ನೂ ಕೂಡಿಸಿ ನೋಡಿ, 2008ರಲ್ಲಿ ಒಂದಾಗಿದ್ದಾಗ ಬಂದ ಮತಕ್ಕೆ ಒಂದೆರಡು ಶೇಕಡಾ ಅಂಶವಷ್ಟೇ ಕಡಿಮೆ. ಕಾಂಗ್ರೆಸ್ 122 ಗೆದ್ದದ್ದು ತನ್ನ ಮತ ಉಕ್ಕಿ ಹರಿದದ್ದರಿಂದಲ್ಲ, ಎದುರಿನ ಮತ ಮೂರು ಪಾಲಾದದ್ದರಿಂದ.

ಹತ್ತು ಶೇಕಡಾ ಮತ ಸಣ್ಣದಲ್ಲ. ಅಧಿಕಾರವಿಲ್ಲ, ಸಂಘಟನೆಯಿಲ್ಲ, ಜೈಲಿಗೆ ಹೋಗಿ ಬಂದ ಕಳಂಕ ಬೆನ್ನಿಗಿದೆ, ಪಕ್ಷಕ್ಕೆ ಹುಟ್ಟಿ ಐದು ತಿಂಗಳು. ಆದರೂ ಹತ್ತರಲ್ಲಿ ಒಬ್ಬ ಮತದಾರ ಜೊತೆಗೆ ಬಂದ. ಅದೇ ಹೊತ್ತಿಗೆ ಆ ಹತ್ತು ಶೇಕಡಾದಿಂದ ಆರು ಸ್ಥಾನಕ್ಕಿಂತ ಹೆಚ್ಚು ಸಿಗುವುದಿಲ್ಲ ಎಂಬುದೂ ಗೊತ್ತಾಯಿತು. ಅವರಿಲ್ಲದ ಬಿಜೆಪಿ ಸೋಲುತ್ತದೆ, ಬಿಜೆಪಿಯಿಲ್ಲದ ಅವರು ಗೆಲ್ಲುವುದಿಲ್ಲ. 2014ರ ಜನವರಿಯಲ್ಲಿ ಅವರು ಬಿಜೆಪಿಗೆ ಮರಳಿದರು, ನಾಲ್ಕು ತಿಂಗಳಲ್ಲಿ ಶಿವಮೊಗ್ಗದಿಂದ 3.6 ಲಕ್ಷಕ್ಕೂ ಹೆಚ್ಚು ಅಂತರದಲ್ಲಿ ಲೋಕಸಭೆಗೆ ಹೋದರು. ಆಮೇಲಿನ ಏಳೆಂಟು ವರ್ಷ ಹೈಕಮಾಂಡ್ ಅವರನ್ನು ಸಹಿಸಿಕೊಂಡದ್ದೂ, ಅವರು ಹೈಕಮಾಂಡನ್ನು ಸಹಿಸಿಕೊಂಡದ್ದೂ ಈ ಲೆಕ್ಕದ ಮೇಲೆಯೇ.

2018ರ ಮೇನಲ್ಲಿ 104. ಕಾಂಗ್ರೆಸ್ಸೂ ಜೆಡಿಎಸ್ಸೂ ಫಲಿತಾಂಶದ ದಿನವೇ ಒಂದಾದವು. ರಾಜ್ಯಪಾಲ ವಜುಭಾಯಿ ವಾಲಾ ಅತಿದೊಡ್ಡ ಪಕ್ಷವೆಂದು ಯಡಿಯೂರಪ್ಪ ಅವರನ್ನು ಕರೆದು ಬಹುಮತ ಸಾಬೀತಿಗೆ 15 ದಿನ ಕೊಟ್ಟರು. ಸುಪ್ರೀಂ ಕೋರ್ಟ್ ನಡುರಾತ್ರಿ ವಿಚಾರಣೆ ನಡೆಸಿ, ಪ್ರಮಾಣವಚನ ತಡೆಯದೆ, ಮೇ 19ರ ಸಂಜೆಯೊಳಗೆ ವಿಶ್ವಾಸಮತ ಎಂದಿತು. ಯಡಿಯೂರಪ್ಪ ಸದನದಲ್ಲಿ ಭಾಷಣ ಮಾಡಿ, ಮತಕ್ಕೆ ಹಾಕದೆ ರಾಜೀನಾಮೆ ಕೊಡಲು ಹೊರಟರು. ಹದಿನೈದು ದಿನ ಸಿಕ್ಕಿದ್ದರೆ ಏನಾಗುತ್ತಿತ್ತು ಎಂದು ಊಹಿಸಲು ಮುಂದಿನ ವರ್ಷವನ್ನು ನೋಡಿದರೆ ಸಾಕು.

2019ರ ಜುಲೈನ ಲೆಕ್ಕವನ್ನು ಬಿಡಿಸಿ ಹೇಳುವುದು ಒಳ್ಳೆಯದು. ಚುನಾಯಿತ ಸದಸ್ಯರು 224. ಅಷ್ಟು ಹೊತ್ತಿಗೆ ಚಿಂಚೋಳಿ ಉಪಚುನಾವಣೆ ಗೆದ್ದು ಬಿಜೆಪಿ ಬಲ 105 ಆಗಿತ್ತು. ಎಂಟು ಜನ ಬೇಕಿತ್ತು. ಹೊರಗಿನಿಂದ ಎಂಟು ಜನರನ್ನು ತರುವ ಬದಲು ಎದುರಿನ 17 ಜನರನ್ನು ಸದನದಿಂದ ಕಳಚಿದರೆ ಉಳಿಯುವುದು 207, ಅದರ ಬಹುಮತ 104. ಮುಂಬೈ ಹೋಟೆಲಿನಲ್ಲಿ ಕೂತ ಶಾಸಕರ ರಾಜೀನಾಮೆ ಪತ್ರಗಳು ಮಾಡಿದ ಕೆಲಸ ಇಷ್ಟು. ಜುಲೈ 23ರಂದು ಕುಮಾರಸ್ವಾಮಿ ಸರ್ಕಾರ 99–105ರಲ್ಲಿ ಬಿದ್ದಿತು. 26ರಂದು ಯಡಿಯೂರಪ್ಪ ನಾಲ್ಕನೇ ಸಲ ಪ್ರಮಾಣವಚನ ಸ್ವೀಕರಿಸಿದರು. ಸ್ಪೀಕರ್ ಕೆ.ಆರ್. ರಮೇಶ್ ಕುಮಾರ್ 17 ಮಂದಿಯನ್ನು ಆ ವಿಧಾನಸಭೆಯ ಅವಧಿ ಮುಗಿಯುವವರೆಗೆ ಅನರ್ಹಗೊಳಿಸಿದರು. ಸುಪ್ರೀಂ ಕೋರ್ಟ್ ನವೆಂಬರ್‌ನಲ್ಲಿ ಅನರ್ಹತೆ ಸರಿ, ಆದರೆ ಚುನಾವಣೆಗೆ ನಿಲ್ಲಬಹುದು ಎಂದಿತು. ಡಿಸೆಂಬರ್‌ನಲ್ಲಿ 15 ಕ್ಷೇತ್ರಗಳ ಉಪಚುನಾವಣೆಯಲ್ಲಿ ಬಿಜೆಪಿ 12 ಗೆದ್ದು 117 ಆಯಿತು. 113 ದಾಟಿದ್ದು ಹೀಗೆ.

ಈ ಸಲದ ಬೆಲೆ 2008ಕ್ಕಿಂತ ದೊಡ್ಡದು. 2020ರ ಫೆಬ್ರುವರಿಯಲ್ಲಿ ವಲಸೆ ಬಂದು ಗೆದ್ದವರಲ್ಲಿ ಹತ್ತು ಮಂದಿ ಒಂದೇ ದಿನ ಸಚಿವರಾದರು. 1994ರಿಂದ ಸುಳ್ಯದಲ್ಲಿ ಸತತ ಆರು ಸಲ ಗೆದ್ದ ಎಸ್. ಅಂಗಾರ ಮೊದಲ ಸಲ ಸಚಿವರಾಗಲು 2021ರ ಜನವರಿವರೆಗೆ ಕಾಯಬೇಕಾಯಿತು. ‘ಮೂಲ ಬಿಜೆಪಿಗರು’ ಮತ್ತು ‘ವಲಸಿಗರು’ ಎಂಬ ಎರಡು ಜಾತಿಗಳೇ ಪಕ್ಷದಲ್ಲಿ ಹುಟ್ಟಿಕೊಂಡವು. ಅಥಣಿಯಲ್ಲಿ ಸೋತಿದ್ದ ಲಕ್ಷ್ಮಣ ಸವದಿ ಸೇರಿ ಮೂವರು ಉಪಮುಖ್ಯಮಂತ್ರಿಗಳನ್ನು ನೇಮಿಸಿದ್ದು ದೆಹಲಿಯ ಲೆಕ್ಕಾಚಾರ. ಸಂಪುಟ ರಚಿಸಲು ಅನುಮತಿ ಸಿಗುವವರೆಗೆ 25 ದಿನ ಮುಖ್ಯಮಂತ್ರಿ ಒಬ್ಬರೇ ಸರ್ಕಾರವಾಗಿದ್ದರು, ಅದೂ ಉತ್ತರ ಕರ್ನಾಟಕ ನೆರೆಯಲ್ಲಿ ಮುಳುಗಿದ್ದ ಆಗಸ್ಟ್‌ನಲ್ಲಿ. ತಮ್ಮ ಸಂಪುಟದ ಪಟ್ಟಿ ಹಿಡಿದು ದೆಹಲಿಗೆ ಹೋಗಿ ಬರಿಗೈಲಿ ವಾಪಸಾಗುವ ಮುಖ್ಯಮಂತ್ರಿಯನ್ನು ಜನ ಕಾಂಗ್ರೆಸ್ ಕಾಲದಲ್ಲಿ ನೋಡಿದ್ದರು. ಬಿಜೆಪಿಯಲ್ಲೂ ನೋಡಿದರು.

2021ರ ಜುಲೈ 26ರಂದು, ಸರ್ಕಾರಕ್ಕೆ ಎರಡು ವರ್ಷ ತುಂಬಿದ ಸಮಾರಂಭದ ವೇದಿಕೆಯಲ್ಲೇ, 78ರ ಯಡಿಯೂರಪ್ಪ ರಾಜೀನಾಮೆ ಘೋಷಿಸಿದರು. ತಮ್ಮ ಬದುಕೇ ಅಗ್ನಿಪರೀಕ್ಷೆ ಎಂದರು, ಗದ್ಗದಿತರಾದರು. ಅದಕ್ಕೂ ಮುಂಚಿನ ವಾರ ಕಾವೇರಿ ನಿವಾಸಕ್ಕೆ ಮಠಾಧೀಶರ ದಂಡೇ ಬಂದು ಬೆಂಬಲ ಸೂಚಿಸಿತ್ತು. 2012ರಲ್ಲಿ ಪಕ್ಷವನ್ನೇ ಒಡೆದು ಹೊರನಡೆದಿದ್ದ ವ್ಯಕ್ತಿ ಇಷ್ಟು ಬೆಂಬಲವಿದ್ದೂ ಈ ಸಲ ಯಾಕೆ ಸುಮ್ಮನೆ ಇಳಿದರು? ವಯಸ್ಸು ಒಂದು ಕಾರಣ. ಕೆಜೆಪಿಯ ಆರು ಸ್ಥಾನ ಇನ್ನೊಂದು. ಮಕ್ಕಳ ಭವಿಷ್ಯ ಮೂರನೆಯದು, ಬಹುಶಃ ಎಲ್ಲಕ್ಕಿಂತ ಭಾರದ್ದು. ಹಿರಿಯ ಮಗ ಬಿ.ವೈ. ರಾಘವೇಂದ್ರ ಶಿವಮೊಗ್ಗದ ಸಂಸದ. ಕಿರಿಯ ಮಗ ಬಿ.ವೈ. ವಿಜಯೇಂದ್ರ ಅವರಿಗೆ 2018ರಲ್ಲಿ ವರುಣಾದ ಟಿಕೆಟ್ ಕೊನೆ ಗಳಿಗೆಯಲ್ಲಿ ತಪ್ಪಿತ್ತು. ಅಪ್ಪನ ಹುಟ್ಟೂರಿನ ತಾಲ್ಲೂಕು ಕೆ.ಆರ್. ಪೇಟೆಯನ್ನು 2019ರಲ್ಲಿ, ಶಿರಾವನ್ನು 2020ರಲ್ಲಿ ಉಪಚುನಾವಣೆಯಲ್ಲಿ ಗೆಲ್ಲಿಸಿದ ಹೆಸರು ಅವರಿಗಿದ್ದರೂ 2022ರಲ್ಲಿ ವಿಧಾನ ಪರಿಷತ್ ಟಿಕೆಟ್ ಕೂಡ ಸಿಗಲಿಲ್ಲ.

2023ರಲ್ಲಿ ಬಿಜೆಪಿ 66ಕ್ಕೆ ಇಳಿದಾಗ ‘ಯಡಿಯೂರಪ್ಪ ಅವರನ್ನು ಇಳಿಸಿದ್ದೇ ಸೋಲಿಗೆ ಕಾರಣ’ ಎಂಬ ಮಾತು ತಕ್ಷಣ ಚಲಾವಣೆಗೆ ಬಂತು. ಇದನ್ನು ಪೂರ್ತಿ ಒಪ್ಪಲು ನನಗೆ ಅಡ್ಡಿಯಿದೆ. ಪಕ್ಷದ ಮತ 2018ರಲ್ಲಿ ಶೇ 36, 2023ರಲ್ಲೂ ಶೇ 36. ಒಟ್ಟು ಮತ ಕುಸಿಯಲೇ ಇಲ್ಲ. ಬೆಂಗಳೂರು ಮತ್ತು ಹಳೇ ಮೈಸೂರಿನಲ್ಲಿ ಮತ ಏರಿತು, ಆದರೆ ಹಳೇ ಮೈಸೂರಿನಲ್ಲಿ ಅದು ಸ್ಥಾನವಾಗಲಿಲ್ಲ. ಕಿತ್ತೂರು ಮತ್ತು ಕಲ್ಯಾಣ ಕರ್ನಾಟಕದಲ್ಲಿ ಇಳಿಯಿತು, ಅಲ್ಲಿ ಸ್ಥಾನಗಳು ಸಾಲುಸಾಲಾಗಿ ಹೋದವು. ಜಗದೀಶ ಶೆಟ್ಟರ್, ಸವದಿಯಂಥವರಿಗೆ ಟಿಕೆಟ್ ತಪ್ಪಿಸಿದ್ದು, ಶೇ 40 ಕಮಿಷನ್ ಆರೋಪ, ಗ್ಯಾರಂಟಿಗಳು, ಜೆಡಿಎಸ್ ಮತ ಕಾಂಗ್ರೆಸ್ಸಿನತ್ತ ಸರಿದದ್ದು, ಎಲ್ಲವೂ ಕೂಡಿಕೊಂಡವು. ಲಿಂಗಾಯತ ಸಿಟ್ಟು ಅದರಲ್ಲೊಂದು, ನಿರ್ಣಾಯಕ ಪ್ರದೇಶದಲ್ಲಿ ಬಿದ್ದದ್ದರಿಂದ ತೂಕ ಹೆಚ್ಚು. ಸೋಲಿನ ನಂತರ ಪಕ್ಷ ತಿರುಗಿ ನೋಡಿದ್ದು ಮತ್ತೆ ಶಿಕಾರಿಪುರದ ಕಡೆಗೇ. 2023ರ ನವೆಂಬರ್ 10ರಂದು ವಿಜಯೇಂದ್ರ ರಾಜ್ಯಾಧ್ಯಕ್ಷರಾದರು.

ಅಪ್ಪನಿಂದ ಮಗನಿಗೆ ಏನೇನು ಬಂತು ಎಂಬುದು ಆಮೇಲಿನ ರಾಜ್ಯ ಬಿಜೆಪಿಯ ಜಗಳವೆಲ್ಲ. ಲಿಂಗಾಯತ ಮಠಗಳ ಸಂಪರ್ಕ, ತಾಲ್ಲೂಕು ಮಟ್ಟದ ಕಾರ್ಯಕರ್ತರ ಹೆಸರು, ‘ಬಿಎಸ್‌ವೈ ಮಗ’ ಎಂಬ ಗುರುತು ಬಂತು. ಅದರ ಜೊತೆಗೆ ಅಪ್ಪನ ಶತ್ರುಗಳೂ ಬಂದರು. ಪಂಚಮಸಾಲಿ ಮೀಸಲಾತಿಯ ಧ್ವನಿಯಾಗಿದ್ದ ಬಸನಗೌಡ ಪಾಟೀಲ ಯತ್ನಾಳ ಕುಟುಂಬ ರಾಜಕಾರಣದ ವಿರುದ್ಧ ಮಾತನಾಡುತ್ತಲೇ ಹೋಗಿ 2025ರ ಮಾರ್ಚ್‌ನಲ್ಲಿ ಆರು ವರ್ಷಕ್ಕೆ ಉಚ್ಚಾಟನೆಯಾದರು. ಕೆ.ಎಸ್. ಈಶ್ವರಪ್ಪ 2024ರಲ್ಲಿ ರಾಘವೇಂದ್ರ ವಿರುದ್ಧವೇ ಬಂಡಾಯ ನಿಂತು ಸೋತರು. 2019ರ ವಲಸಿಗರಲ್ಲಿ ಎಸ್.ಟಿ. ಸೋಮಶೇಖರ್ ರಾಜ್ಯಸಭೆ ಚುನಾವಣೆಯಲ್ಲಿ ಅಡ್ಡಮತ ಹಾಕಿದರು, ಶಿವರಾಂ ಹೆಬ್ಬಾರ್ ಗೈರಾದರು, ಇಬ್ಬರೂ 2025ರ ಮೇನಲ್ಲಿ ಪಕ್ಷದಿಂದ ಹೊರಬಿದ್ದರು. ಯಡಿಯೂರಪ್ಪ ವಿರುದ್ಧ 2024ರ ಮಾರ್ಚ್‌ನಲ್ಲಿ ಪೋಕ್ಸೊ ಪ್ರಕರಣವೂ ದಾಖಲಾಯಿತು, ಆರೋಪವನ್ನು ಅವರು ನಿರಾಕರಿಸಿದ್ದಾರೆ.

ಬಾರದೇ ಉಳಿದದ್ದು ಕೊರತೆ ತುಂಬುವ ಕಲೆ ಮತ್ತು ತುಂಬಲು ಬೇಕಾದ ಸ್ವಂತ ಮತ. ಶಿಕಾರಿಪುರದಲ್ಲಿ ಯಡಿಯೂರಪ್ಪ 2018ರಲ್ಲಿ 35 ಸಾವಿರಕ್ಕೂ ಹೆಚ್ಚು ಅಂತರದಿಂದ ಗೆದ್ದಿದ್ದರು. 2023ರಲ್ಲಿ ವಿಜಯೇಂದ್ರ ಗೆದ್ದದ್ದು ಸುಮಾರು 11 ಸಾವಿರದಿಂದ, ಅದೂ ಎದುರಿನ ಮತ ಕಾಂಗ್ರೆಸ್ ಮತ್ತು ಬಂಡಾಯ ಪಕ್ಷೇತರನ ನಡುವೆ ಹಂಚಿಹೋದಾಗ. ಸ್ವಂತ ಪಕ್ಷ ಕಟ್ಟಿದರೆ ರಾಜ್ಯದಲ್ಲಿ ಶೇ 10 ಬರುತ್ತದೆ ಎಂದು ಹೆದರಿಸುವ ಶಕ್ತಿ ಮಗನಿಗಿಲ್ಲ. ಹೈಕಮಾಂಡಿಗೆ ಇದು ಅನನುಕೂಲವೇನಲ್ಲ.

ಆ ಕೊರತೆಗೆ ಪಕ್ಷ ಈಗ ಹುಡುಕಿಕೊಂಡಿರುವ ಮದ್ದು ಜೆಡಿಎಸ್. ಬಿಜೆಪಿ ಎಂದೂ ಬೇರೂರದ ಹಳೇ ಮೈಸೂರಿನ ಮತ ಅವರಲ್ಲಿದೆ. 2024ರ ಲೋಕಸಭೆಯಲ್ಲಿ ಮೈತ್ರಿ 28ರಲ್ಲಿ 19 ಗೆದ್ದಿತು, ಬಿಜೆಪಿ 17, ಜೆಡಿಎಸ್ 2. ಕುಮಾರಸ್ವಾಮಿ ಕೇಂದ್ರ ಸಚಿವರಾದರು. 2023ರ ಸೆಪ್ಟೆಂಬರ್‌ನಲ್ಲಿ ಆ ಮೈತ್ರಿಯ ಸುದ್ದಿಯನ್ನು ಮೊದಲು ಬಹಿರಂಗವಾಗಿ ಹೇಳಿದವರು, 2007ರಲ್ಲಿ ಅದೇ ಪಕ್ಷದಿಂದ ಏಳು ದಿನಕ್ಕೆ ಕುರ್ಚಿ ಕಳೆದುಕೊಂಡ ಯಡಿಯೂರಪ್ಪ. ಜೆಡಿಎಸ್‌ಗೆ ನಾಲ್ಕು ಕ್ಷೇತ್ರ ಎಂದಿದ್ದರು, ಕೊನೆಗೆ ಸಿಕ್ಕಿದ್ದು ಮೂರು. ಲೋಕಸಭೆಯಲ್ಲಿ ಒಂದು ಕ್ಷೇತ್ರ ಹೆಚ್ಚುಕಡಿಮೆಯಾದರೆ ಮಾತುಕತೆಯಲ್ಲಿ ಮುಗಿಯುತ್ತದೆ. ವಿಧಾನಸಭೆಯಲ್ಲಿ ಮಂಡ್ಯ, ಹಾಸನ, ಮೈಸೂರು, ತುಮಕೂರಿನ ಒಂದೊಂದು ಕ್ಷೇತ್ರದಲ್ಲೂ ಎರಡೂ ಪಕ್ಷಗಳ ಆಕಾಂಕ್ಷಿಗಳಿದ್ದಾರೆ, ಮತ್ತು ಮುಖ್ಯಮಂತ್ರಿ ಯಾರು, ಎಷ್ಟು ತಿಂಗಳು ಎಂಬ ಹಳೆಯ ಪ್ರಶ್ನೆಯನ್ನು ಎರಡೂ ಕಡೆಯವರು ಮರೆತಿಲ್ಲ.